ನೇತ್ರಾಣಿಯ ಕಡಲೂ ಅದ್ಭುತರಸವೂ

ಬೆಂಗಳೂರಿನ ದಕ್ಷಿಣ ಭಾಗದ ಶ್ರೀನಗರವು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಬಡಾವಣೆ. ಯಾವ ದಿಕ್ಕಿಗೆ ಹೊರಟರೂ ಅಲ್ಲಿಂದ ಕಡಲನ್ನು ಕಾಣಬೇಕಾದರೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಬೇಕು. ಹೀಗಿದ್ದರೂ ಈಚಿನ ವರ್ಷಗಳಲ್ಲಿ ಚಳಿಗಾಲದ ರಜೆ ಸಮೀಪಿಸಿತೆಂದರೆ ಅಲ್ಲಿಯ ಎಷ್ಟೋ ಮನೆಗಳಲ್ಲಿ ಕಡಲಿನ ಮಾತೇ ಮಾತು. ಕಡಲನ್ನು ದಡದಲ್ಲಿ ನಿಂತು ನೋಡುವ ಮಾತಲ್ಲ. ಅದರ ಒಳಹೊಕ್ಕು ನೋಡುವ ಮಾತು. ತರುಣರು ರಾತ್ರಿಯ ಬಸ್ಸನ್ನು ಹಿಡಿದು ಮುರುಡೇಶ್ವರಕ್ಕೆ ಹೋಗುತ್ತಾರೆ. ನೇತ್ರಾಣಿ ದ್ವೀಪದ ಬಳಿ ನೀರಿಗೆ ಇಳಿಯುತ್ತಾರೆ. ಮೂರನೆಯ ದಿನ ಮೂಗಿನ ಮೇಲೆ ಬಿಸಿಲಿನ ಕಪ್ಪನ್ನು ಹೊತ್ತು ಮನೆಗೆ ಮರಳುತ್ತಾರೆ. ಹಜಾರದಲ್ಲಿ ಕುಳಿತ ಅಜ್ಜ, "ಅಲ್ಲಿ ಏನು ಕಂಡೆಯಪ್ಪಾ?" ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಅದನ್ನು ಹೇಳೋಕೆ ಆಗಲ್ಲ ತಾತ. ಅದು ಬೇರೆ ಲೋಕ."

ಈ ಉತ್ತರವನ್ನು ಕೇಳಿ ಹಿರಿಯರು ನಕ್ಕು ಸುಮ್ಮನಾಗುವುದುಂಟು. ಆದರೆ ಕಾವ್ಯಮೀಮಾಂಸೆಯಲ್ಲಿ ಕಿಂಚಿತ್ ಪರಿಶ್ರಮವುಳ್ಳವರಿಗೆ ಇದು ನಕ್ಕು ಬಿಡತಕ್ಕ ಮಾತಲ್ಲ. "ಹೇಳಲಾಗದು" ಎಂಬ ಮಾತಿಗೆ ಎರಡು ಕಾರಣಗಳಿರಬಹುದು: ಅನುಭವವು ವಾಕ್ಕಿಗೆ ಮೀರಿದ್ದಾಗಿರಬಹುದು, ಇಲ್ಲವೆ ವಾಕ್ಕು ಅನುಭವಕ್ಕೆ ಸಾಲದಷ್ಟು ಬಡವಾಗಿರಬಹುದು. ಮೊದಲನೆಯದಾದರೆ ಅದು ರಸದ ಲಕ್ಷಣ. ಎರಡನೆಯದಾದರೆ ಅದು ಭಾಷೆಯ ಕೊರತೆ. ನೇತ್ರಾಣಿಯಿಂದ ಮರಳಿದವರ ಮೌನವು ಈ ಎರಡರಲ್ಲಿ ಯಾವುದೆಂಬುದು ವಿಚಾರಾರ್ಹವಾದ ವಿಷಯ.

ನೇತ್ರಾಣಿಯು ಉತ್ತರಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ, ಮುರುಡೇಶ್ವರದ ದಡದಿಂದ ಸುಮಾರು ಹತ್ತು ನೌಕಾಮೈಲಿ, ಎಂದರೆ ಹತ್ತೊಂಬತ್ತು ಕಿಲೋಮೀಟರು ದೂರದ ಬಂಡೆಯ ದ್ವೀಪ. ಪಾರಿವಾಳದ ದ್ವೀಪವೆಂದೂ ಬಜರಂಗಿ ದ್ವೀಪವೆಂದೂ ಅದಕ್ಕೆ ಬೇರೆ ಹೆಸರುಗಳುಂಟು. ಜನವಸತಿಯಿಲ್ಲ; ಬಿಳಿ ಹೊಟ್ಟೆಯ ಕಡಲಹದ್ದುಗಳೂ ಆಡುಗಳೂ ಅಲ್ಲಿಯ ನಿವಾಸಿಗಳು. ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಅದನ್ನು ಗುರಿಯಾಗಿ ಬಳಸಿದ್ದೂ ಉಂಟು. ಆಕಾಶದಿಂದ ನೋಡಿದವರಿಗೆ ಅದು ಹೃದಯದ ಆಕಾರದಲ್ಲಿ ತೋರುತ್ತದೆ. ಅದರ ಬುಡದ ಬಂಡೆಗಳನ್ನು ಹವಳಗಳು ಹಿಡಿದುಕೊಂಡಿರುವುದರಿಂದ ಅಲ್ಲಿ ಬಣ್ಣಬಣ್ಣದ ಮೀನುಗಳು ನೆರೆಯುತ್ತವೆ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಮುಳುಗುವ ಕಾರ್ಯವು ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ನಡೆಯುತ್ತದೆ.

ಸ್ಕೂಬಾ ಎಂಬುದು ಐದು ಇಂಗ್ಲಿಷ್ ಶಬ್ದಗಳ ಮೊದಲ ಅಕ್ಷರಗಳಿಂದಾದ ಹೆಸರು. ದಡದ ಹಂಗಿಲ್ಲದೆ ತನ್ನಲ್ಲಿಯೇ ಪೂರ್ಣವಾದ ಜಲಾಂತರ ಶ್ವಾಸೋಪಕರಣವೆಂದು ಅದರ ತಾತ್ಪರ್ಯ. ಈಗ ಬಳಕೆಯಲ್ಲಿರುವ ಬಗೆಯ ಉಪಕರಣವನ್ನು ೧೯೪೩ರಲ್ಲಿ ಫ್ರಾನ್ಸ್ ದೇಶದ ಝಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಎಂಬವರು ರೂಪಿಸಿದರು. ಬೆನ್ನಿನ ಸಿಲಿಂಡರಿನಲ್ಲಿರುವುದು ಬಹುಜನರು ತಿಳಿದಿರುವಂತೆ ಕೇವಲ ಆಮ್ಲಜನಕವಲ್ಲ. ಒತ್ತಿ ತುಂಬಿದ ಸಾಮಾನ್ಯ ಗಾಳಿ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ವಾಯುಮಂಡಲದ ಒಂದು ಪಾಲಿನಷ್ಟು ಒತ್ತಡವು ಹೆಚ್ಚುತ್ತ ಹೋಗುವುದರಿಂದ, ಇಳಿಯುವವನು ಮೂಗನ್ನು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡವನ್ನು ಸಮಮಾಡಿಕೊಳ್ಳುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಉಸಿರನ್ನು ಎಂದಿಗೂ ಕಟ್ಟಕೂಡದೆಂಬುದು. ಮೇಲೇರುವಾಗ ಒತ್ತಡ ತಗ್ಗಿ ಗಾಳಿಯು ಹಿಗ್ಗುತ್ತದೆ; ಉಸಿರನ್ನು ಕಟ್ಟಿದವನ ಪುಪ್ಪುಸವು ಬಿರಿಯುವ ಅಪಾಯವುಂಟು. ಪ್ರಾಣಾಯಾಮವನ್ನು ಬಲ್ಲವರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಪೂರಕ ರೇಚಕಗಳಿಗೆ ಮಾತ್ರ ಅವಕಾಶ, ಕುಂಭಕವು ನಿಷಿದ್ಧ. ಹೊಸಬರನ್ನು ಶಿಕ್ಷಕರು ಕೈಹಿಡಿದೇ ಕರೆದೊಯ್ಯುತ್ತಾರೆ. ಹನ್ನೆರಡು ಮೀಟರಿಗಿಂತ ಕೆಳಕ್ಕೆ ಒಯ್ಯುವುದಿಲ್ಲ.

ಇದರ ಮೇಲೆ ಹಿರಿಯರು ಎತ್ತುವ ಆಕ್ಷೇಪಗಳು ಮೂರು. ಹಣದ ವ್ಯಯವೊಂದು, ಪ್ರಾಣದ ಭಯವೊಂದು, ಕಡಲನ್ನು ಆಟದ ವಸ್ತುವಾಗಿ ಮಾಡಿದರೆಂಬುದು ಮೂರನೆಯದು. ಮೊದಲಿನ ಎರಡಕ್ಕೆ ಆಯಾ ಮನೆಯವರ ಅನುಕೂಲವೂ ಶಿಕ್ಷಕರ ಎಚ್ಚರವೂ ಉತ್ತರ ಹೇಳಬೇಕು. ಮೂರನೆಯದು ಮಾತ್ರ ಆಲೋಚಿಸತಕ್ಕದ್ದು. ಪರ್ವಕಾಲದಲ್ಲಿ ಹೊರತು ಸಮುದ್ರವನ್ನು ಮುಟ್ಟಲಾಗದು, ನೋಡಿ ನಮಸ್ಕರಿಸಬೇಕು ಎಂಬ ಸಂಪ್ರದಾಯವು ವೈದಿಕರ ಮನೆಗಳಲ್ಲಿ ಬೇರೂರಿದ್ದಿತು. ಸಮುದ್ರಯಾನವು ಕಲಿವರ್ಜ್ಯಗಳಲ್ಲಿ ಸೇರಿದ್ದಿತು. ಈ ನಿಷೇಧಗಳನ್ನು ಈಗ ಯಾರೂ ಪಾಲಿಸುವುದಿಲ್ಲ. ಪಾಲಿಸಬೇಕೆಂದು ಹಟಹಿಡಿಯುವವರ ಮನೆಯ ಮಕ್ಕಳೇ ಸಪ್ತಸಾಗರಗಳಾಚೆ ನೆಲಸಿದ್ದಾರೆ. ಆದರೆ ಆ ನಿಷೇಧಗಳ ಒಳಗೆ ಒಂದು ಭಾವವಿದ್ದಿತು: ಕಡಲು ಮನುಷ್ಯನ ಅಳತೆಗೆ ಮೀರಿದ್ದು, ಅದರ ಮುಂದೆ ಅವನು ಸ್ವಲ್ಪ ಹಿಂದೆ ಸರಿದು ನಿಲ್ಲಬೇಕು ಎಂಬ ಭಾವ. ನಿಷೇಧವು ಹೋದರೂ ಭಾವವು ಉಳಿದಿದೆಯೆ ಎಂಬುದೇ ಕೇಳತಕ್ಕ ಪ್ರಶ್ನೆ. ಉಳಿದಿದ್ದರೆ ನೀರಿಗೆ ಇಳಿಯುವುದರಲ್ಲಿ ತಪ್ಪೇನೂ ಇಲ್ಲ.

ಕಾವ್ಯಗಳ ಕಡಲನ್ನು ಒಮ್ಮೆ ನೆನೆದುಕೊಳ್ಳೋಣವಾಗಲಿ. ಮಹಾಕಾವ್ಯಕ್ಕೆ ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಒಂದು. ಕವಿಯು ಕಡಲನ್ನು ಕಂಡಿರಲಿ ಕಾಣದಿರಲಿ, ವರ್ಣಿಸಲೇಬೇಕು. ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅಬ್ಧಿ, ಅಕೂಪಾರ, ಪಾರಾವಾರ, ಉದನ್ವಾನ್, ಉದಧಿ, ಅರ್ಣವ, ರತ್ನಾಕರ ಎಂದು ಕಡಲಿನ ಹೆಸರುಗಳಿಗೆ ಬಡತನವಿಲ್ಲ. ಆದರೆ ಕಡಲಿನ ಒಳಗೆ ಏನಿದೆಯೆಂದರೆ ತಿಮಿ, ತಿಮಿಂಗಿಲ, ಮಕರ, ಶಂಖ, ಮುತ್ತು, ವಿದ್ರುಮಲತೆ, ಬಡಬಾಗ್ನಿ ಎಂದು ಕೆಲವೇ ಪದಾರ್ಥಗಳು ಮತ್ತೆ ಮತ್ತೆ ಬರುತ್ತವೆ. ಕಾಳಿದಾಸನಂತಹ ಮಹಾಕವಿಯು ಮಾತ್ರ ರಘುವಂಶದ ಹದಿಮೂರನೆಯ ಸರ್ಗದಲ್ಲಿ ಈ ಸಿದ್ಧಸಾಮಗ್ರಿಗೂ ಜೀವಕೊಟ್ಟಿದ್ದಾನೆ. ಅಲ್ಲಿ ರಾಮನು ಸೀತೆಗೆ ಕಡಲನ್ನು ತೋರಿಸುವುದು ಪುಷ್ಪಕದಿಂದ, ಎಂದರೆ ಮೇಲಿನಿಂದ. ದೂರದ ಆ ನೋಟಕ್ಕೆ ಕಡಲು ಇಡಿಯಾಗಿ ದೊರೆಯುತ್ತದೆ.

ಕನ್ನಡದಲ್ಲಿ ನೀರಿನೊಳಗೆ ಇಳಿದ ಪ್ರಸಿದ್ಧ ಪಾತ್ರವೆಂದರೆ ರನ್ನನ ಗದಾಯುದ್ಧದ ದುರ್ಯೋಧನ. ಜಲಸ್ತಂಭವಿದ್ಯೆಯ ಬಲದಿಂದ ಅವನು ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ಭೀಮನ ಗರ್ಜನೆಯನ್ನು ಕೇಳಿ ತಣ್ಣೀರಿನ ನಡುವೆಯೂ ಅವನ ಮೈ ಬೆವರುತ್ತದೆ. ಈ ಕಲ್ಪನೆಯ ಸೊಗಸನ್ನು ಕೊಂಡಾಡದ ವಿಮರ್ಶಕನಿಲ್ಲ. ಈಗಿನ ಶಾಸ್ತ್ರಜ್ಞಾನವು ಇದಕ್ಕೆ ಒಂದು ಹೊಸ ವ್ಯಾಖ್ಯಾನವನ್ನು ಒದಗಿಸುತ್ತದೆ. ನೀರಿನಲ್ಲಿ ಶಬ್ದವು ಗಾಳಿಯಲ್ಲಿ ಹರಿಯುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕ ವೇಗದಿಂದ ಹರಿಯುವುದರಿಂದ, ಅದು ಎರಡು ಕಿವಿಗಳಿಗೂ ಹೆಚ್ಚುಕಡಮೆ ಒಂದೇ ಕ್ಷಣಕ್ಕೆ ಮುಟ್ಟಿ, ಯಾವ ದಿಕ್ಕಿನಿಂದ ಬಂದಿತೆಂಬುದು ತಿಳಿಯದೆ ಹೋಗುತ್ತದೆ. ನೀರಿನಲ್ಲಿ ಅಡಗಿದವನಿಗೆ ಶತ್ರುವು ಎಲ್ಲ ದಿಕ್ಕಿನಲ್ಲಿಯೂ ಇದ್ದಂತೆ! ಇಷ್ಟಾದರೂ ರನ್ನನ ನಾಯಕನು ನೀರಿನೊಳಗೆ ಏನನ್ನೂ ನೋಡುವುದಿಲ್ಲ. ನೀರು ಅವನಿಗೆ ಮರೆಯೇ ಹೊರತು ದೃಶ್ಯವಲ್ಲ.

ಹೊಸಗನ್ನಡದಲ್ಲಿ ವಿ. ಕೃ. ಗೋಕಾಕರು ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೊರಟವರು; 'ಸಮುದ್ರ ಗೀತೆಗಳು' ಎಂಬ ಅವರ ಸಂಗ್ರಹವು ಹಡಗಿನ ಮೇಲಿಂದ ಕಂಡ ಕಡಲಿನ ಕಾವ್ಯ. ಪೂರ್ಣಚಂದ್ರ ತೇಜಸ್ವಿಯವರು ಅಂಡಮಾನಿನ ಪ್ರವಾಸವನ್ನು ಬರೆದರು. ಹೀಗೆ ಕನ್ನಡ ಸಾಹಿತ್ಯವನ್ನು ಪಾಠವಾಗಿ ಪಡೆದ ಮನೆಗಳಿಗೆ ಕಡಲು ಆಕಾಶದಿಂದಲೂ, ದಡದಿಂದಲೂ, ಹಡಗಿನ ಅಟ್ಟದಿಂದಲೂ ಪರಿಚಿತ. ಒಳಗಿನಿಂದ ಕಂಡ ಕಡಲಿಗೆ ಮಾತ್ರ ಅವರ ನೆನಪಿನಲ್ಲಿ ಕಾವ್ಯವಿಲ್ಲ. ನೇತ್ರಾಣಿಯಲ್ಲಿ ಮುಳುಗಿದ ಹುಡುಗಿಯು ಕಾಣುವುದು ಹತ್ತಿಪ್ಪತ್ತು ಮೀಟರಿನೊಳಗಿನ ಲೋಕವನ್ನು. ಕಾಳಿದಾಸನ ನೋಟವು ಸಮಷ್ಟಿಯದು. ಅವಳದು ವ್ಯಷ್ಟಿಯದು: ಒಂದು ಬಂಡೆ, ಅದರ ಸಂದು, ಅದರಿಂದ ಇಣುಕುವ ಒಂದು ಮೀನು. ದೂರದಿಂದ ಹುಟ್ಟುವ ವಿಸ್ಮಯಕ್ಕೆ ಲಕ್ಷ್ಯಗಳು ಹೇರಳವಾಗಿವೆ. ಇಷ್ಟು ಹತ್ತಿರದಿಂದ ಹುಟ್ಟುವ ವಿಸ್ಮಯಕ್ಕೆ ಇನ್ನೂ ಮಾತು ಕೂಡಿಬರಬೇಕಾಗಿದೆ.

ಅದು ವಿಸ್ಮಯವೇ ಎಂಬುದರಲ್ಲಿ ಸಂದೇಹಕ್ಕೆಡೆಯಿಲ್ಲ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ದಿವ್ಯಜನರ ದರ್ಶನ, ಉಪವನ ದೇವಕುಲಗಳ ಗಮನ, ವಿಮಾನ, ಮಾಯೆ, ಇಂದ್ರಜಾಲ ಮುಂತಾದುವನ್ನು ಅದರ ವಿಭಾವಗಳೆಂದೂ, ಅರಳಿದ ಕಣ್ಣು, ಎವೆಯಿಕ್ಕದ ನೋಟ, ರೋಮಾಂಚ, ಕಣ್ಣೀರು, ಬೆವರು ಮುಂತಾದುವನ್ನು ಅನುಭಾವಗಳೆಂದೂ ಗಣಿಸಿದ್ದಾನೆ. ಮುಳುಗಿದವನಲ್ಲಿ ಇವುಗಳ ಗತಿ ಏನಾಗುತ್ತದೆಂಬುದನ್ನು ನೋಡುವುದು ಸ್ವಾರಸ್ಯಕರ. ಬೆವರೂ ಕಣ್ಣೀರೂ ನೀರಿನಲ್ಲಿ ಕಾಣುವುದಿಲ್ಲ. ಬಾಯಲ್ಲಿ ಉಸಿರಿನ ನಳಿಗೆಯಿರುವುದರಿಂದ ವಾಚಿಕಕ್ಕೆ ಅವಕಾಶವೇ ಇಲ್ಲ. ಉಳಿಯುವುದು ಕಣ್ಣು ಮತ್ತು ಕೈ. ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಚಿನ್ಮುದ್ರೆಯಂತೆ ಹಿಡಿದರೆ "ಕ್ಷೇಮವಾಗಿದ್ದೇನೆ" ಎಂದರ್ಥ. ದಡದ ಮೇಲೆ "ಬಹಳ ಚೆನ್ನ" ಎಂಬರ್ಥವನ್ನು ಕೊಡುವ ಎತ್ತಿದ ಹೆಬ್ಬೆರಳಿಗೆ ಅಲ್ಲಿ "ಮೇಲಕ್ಕೆ ಹೋಗೋಣ" ಎಂಬುದೇ ಅರ್ಥ. ಸಂತೋಷವನ್ನು ತಿಳಿಸಲು ಹೆಬ್ಬೆರಳೆತ್ತಿದ ಹೊಸಬನನ್ನು ಶಿಕ್ಷಕನು ಮೇಲಕ್ಕೆ ಕರೆತಂದುಬಿಟ್ಟಾನು! ಆಂಗಿಕಾಭಿನಯವೊಂದರಿಂದಲೇ ನಡೆಯುವ ಈ ನಾಟ್ಯದಲ್ಲಿ ದಿನವೆಲ್ಲ ಮಾತಿನ ಗದ್ದಲದಲ್ಲಿರುವ ನಗರವಾಸಿಯ ಮನಸ್ಸು ಕೆಲಕಾಲ ತಣಿಯುವುದು ಸಹಜ. ತನ್ನ ಉಸಿರಿನ ಸಪ್ಪಳವನ್ನೇ ಕೇಳುತ್ತ ತೇಲುವವನಿಗೆ ಅದ್ಭುತವು ಶಾಂತಕ್ಕೆ ತಿರುಗುತ್ತದೆ. ಈ ವಿಹಾರದ ಆಕರ್ಷಣೆಯ ಮೂಲವು ಇಲ್ಲಿರುವಂತೆ ತೋರುತ್ತದೆ.

ಚಲಚ್ಚಿತ್ರಗಳೂ ಇದಕ್ಕೆ ಸಾಕ್ಷಿ. ೨೦೧೧ರಲ್ಲಿ ಬಂದ 'ಜಿಂದಗಿ ನ ಮಿಲೇಗಿ ದೊಬಾರಾ' ಎಂಬ ಹಿಂದೀ ಚಿತ್ರವನ್ನು ನೋಡಿಯೇ ಎಷ್ಟೋ ಜನ ತರುಣರಿಗೆ ಈ ಹಂಬಲ ಹುಟ್ಟಿತು. ಹಣ ಗಳಿಸುವುದೊಂದನ್ನೇ ಬಲ್ಲ, ನೀರಿಗೆ ಅಂಜುವ ನಾಯಕನು ಸ್ಪೇನಿನ ಕಡಲಿನಲ್ಲಿ ಮುಳುಗಿ ಮೇಲೆದ್ದು ಮಾತಿಲ್ಲದೆ ಕಣ್ಣೀರಿಡುತ್ತಾನೆ. ಭರತನು ಹೇಳಿದ ಅನುಭಾವವು ಅಲ್ಲಿ ಸ್ಥಾನವರಿತು ಬಂದಿದೆ. ಮಾತನ್ನು ಸೇರಿಸಿದ್ದರೆ ಕೆಡುತ್ತಿದ್ದಿತು. ಕನ್ನಡದಲ್ಲಿ ಅಮೋಘವರ್ಷರು ನಿರ್ದೇಶಿಸಿದ 'ಗಂಧದ ಗುಡಿ' ಚಿತ್ರವು ೨೦೨೨ರ ಅಕ್ಟೋಬರ್ ೨೮ರಂದು ತೆರೆಕಂಡಿತು. ಅದರಲ್ಲಿ ಪುನೀತ್ ರಾಜ್‌ಕುಮಾರರು ನಾಡಿನ ಕಾಡುಗಳನ್ನು ಸುತ್ತಿ, ಕಡಲಿಗೂ ಇಳಿಯುತ್ತಾರೆ. ಅವರು ತೀರಿಕೊಂಡದ್ದು ೨೦೨೧ರ ಅಕ್ಟೋಬರ್ ೨೯ರಂದು. ಆದ್ದರಿಂದ ಆ ದೃಶ್ಯವನ್ನು ನೋಡಿದ ಕನ್ನಡಿಗರಿಗೆ ಅದು ಬರಿಯ ಅದ್ಭುತವಾಗಿ ಉಳಿಯಲಿಲ್ಲ. ಉಸಿರಿನ ಗುಳ್ಳೆಗಳು ಮೇಲಕ್ಕೇರುವುದನ್ನು ಕಂಡವರಿಗೆ ಆ ಉಸಿರು ಈಗ ಇಲ್ಲವೆಂಬ ನೆನಪು ಒತ್ತಿಬಂದು, ಅದ್ಭುತವು ಕರುಣಕ್ಕೆ ಅಂಗವಾಯಿತು. ಇದು ನಿರ್ದೇಶಕನು ಬಯಸಿ ಮಾಡಿದ್ದಲ್ಲ, ವಿಧಿಯು ಮಾಡಿದ್ದು. ಆದರೂ ಕನ್ನಡಕ್ಕೆ ಕಡಲಿನ ಒಳಗಿನಿಂದ ಬಂದ ಮನಕರಗಿಸುವ ರಸಾನುಭವವಾಗಿ ಅದು ನಿಂತಿದೆ.

ಇಷ್ಟು ಗುಣಗಳಿರುವ ಈ ಅನುಭವವು ಮನೆಯವರೆಗೆ ಬರುವಷ್ಟರಲ್ಲಿ ಹೇಗೆ ಸೊರಗುತ್ತದೆಂಬುದೇ ಖೇದಕರ. ಹಿಂದಿರುಗಿದವರು ತೋರಿಸುವ ಚಿತ್ರಗಳನ್ನು ನೋಡಿದರೆ ಎಲ್ಲವೂ ಒಂದೇ ಎರಕದವು: ನಡುವೆ ಮುಳುಗಿದವರ ಮುಖ, ಬೆರಳಿನ ಸನ್ನೆ, ಹಿಂದೆ ಎಲ್ಲಿಯೋ ಒಂದು ಮೀನು. ರಸಾಸ್ವಾದಕ್ಕೆ ಮೊದಲ ಮೆಟ್ಟಿಲು 'ನಾನು' ಎಂಬುದನ್ನು ಮರೆಯುವುದೆಂದು ಆಲಂಕಾರಿಕರು ಸಾರಿದ್ದಾರೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣದ ತಾತ್ಪರ್ಯವೂ ಅದೇ. ನೀರಿನೊಳಗೆ ಆ ಮರೆವು ತಾನಾಗಿ ದೊರೆತಿರುತ್ತದೆ. ದಡಕ್ಕೆ ಬಂದೊಡನೆ ಚಿತ್ರವು ಅದನ್ನು ಕಸಿದುಕೊಳ್ಳುತ್ತದೆ. ಆಮೇಲೆ ಉಳಿಯುವುದು "ಹೋಗಿಬಂದೆ" ಎಂಬ ಗರ್ವ. ಗರ್ವವು ಸಂಚಾರಿಭಾವಗಳಲ್ಲೊಂದು, ಸ್ಥಾಯಿಯ ಪೀಠದಲ್ಲಿ ಕುಳಿತುಕೊಳ್ಳುವ ಯೋಗ್ಯತೆ ಅದಕ್ಕಿಲ್ಲ. ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪ ಮುಂತಾದ ಕಡೆಗಳಿಗೆ ಕರೆಯುವ ಜಾಹೀರಾತುಗಳೂ ಈ ಗರ್ವವನ್ನೇ ತಿದಿಯೊತ್ತುತ್ತವೆ. ಬಿಳಿಯ ಮರಳು, ಬಾಗಿದ ತೆಂಗು, ನೀಲಿಯ ನೀರು ಎಂಬ ಅವುಗಳ ವರ್ಣನೆಯು ಹದಿನೆಂಟು ವರ್ಣನೆಗಳ ಕಾಲದ ನಿಸ್ಸಾರ ಕವಿಗಳ ವರ್ಣನೆಗಿಂತಲೂ ಸವೆದುಹೋಗಿದೆ.

ಬಣ್ಣದ ವಿಷಯವನ್ನೇ ತೆಗೆದುಕೊಳ್ಳಬಹುದು. ನೀರು ಸೂರ್ಯನ ಬೆಳಕಿನಲ್ಲಿ ಕೆಂಪನ್ನು ಮೊದಲು ಹೀರಿಕೊಳ್ಳುತ್ತದೆ. ಕೆಲವೇ ಮೀಟರುಗಳ ಕೆಳಗೆ ಕೆಂಪು ವಸ್ತುವು ಬೂದುಬಣ್ಣಕ್ಕೆ ತಿರುಗಿ, ಕೊನೆಗೆ ನೀಲಿಯೊಂದೇ ಉಳಿಯುತ್ತದೆ. ಚಿತ್ರಗಳಲ್ಲಿ ಕೆಂಪು ಹೊಳೆಯುವುದು ದೀಪದ ಬೆಳಕಿನಿಂದ, ಇಲ್ಲವೆ ಅನಂತರ ಮಾಡಿದ ತಿದ್ದುಪಡಿಯಿಂದ. ಮುಳುಗಿದವನು ನಿಜವಾಗಿ ಕಂಡ ಮಸುಕು ನೀಲಿಯ ಗಾಂಭೀರ್ಯವನ್ನು ಅಳಿಸಿ, ಕಾಣದ ಕೆಂಪನ್ನು ಕಂಡೆನೆನ್ನುವುದು ಅನುಭವಕ್ಕೆ ಮಾಡಿದ ದ್ರೋಹವಲ್ಲವೆ? ಹಾಗೆಯೇ ನೀರಿನಲ್ಲಿ ಕನ್ನಡಿಯ ಮುಸುಕಿನ ಮೂಲಕ ನೋಡಿದಾಗ ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿಯೂ ಹತ್ತಿರವಾಗಿಯೂ ತೋರುತ್ತವೆ. ಪ್ರತಿಯೊಬ್ಬರ ಕಥೆಯಲ್ಲಿಯೂ ಮೀನು ಬೆಳೆಯುತ್ತ ಹೋಗುವುದಕ್ಕೆ ಇಷ್ಟರಮಟ್ಟಿಗೆ ಶಾಸ್ತ್ರಾಧಾರವುಂಟೆಂದು ಒಪ್ಪಬೇಕು.

ಇದಕ್ಕಿಂತ ಆಳವಾದ ಕೊರತೆಯು ಹೆಸರಿನದು. ಕಂಡ ಮೀನುಗಳನ್ನು ಹೇಳೆಂದರೆ ಪ್ಯಾರಟ್ ಫಿಶ್, ಬಟರ್‌ಫ್ಲೈ ಫಿಶ್ ಎಂದು ಎರಡು ಮೂರು ಇಂಗ್ಲಿಷ್ ಹೆಸರುಗಳು ಬರುತ್ತವೆ. ಅಲ್ಲಿಗೆ ಮಾತು ಮುಗಿಯಿತು. ಅದೇ ಕಡಲಿನಲ್ಲಿ ತಲೆಮಾರುಗಳಿಂದ ಬಲೆಬೀಸಿದ ಖಾರ್ವಿ, ಮೊಗೇರ, ಅಂಬಿಗ ಮನೆಗಳವರ ಬಾಯಲ್ಲಿ ಮೀನಿಗೂ ಗಾಳಿಗೂ ನೀರಿನ ಸೆಳೆತಕ್ಕೂ ಬೇರೆ ಬೇರೆ ಮಾತುಗಳಿವೆ. ಮುಳುಗುವವರನ್ನು ದ್ವೀಪಕ್ಕೆ ಒಯ್ಯುವ ದೋಣಿಯಲ್ಲಿಯೇ ಆ ಮಾತುಗಳನ್ನು ಬಲ್ಲವನೊಬ್ಬನು ಕುಳಿತಿರಬಹುದು, ಅವನನ್ನು ಕೇಳುವವರಿಲ್ಲ. ಹೆಸರಿಲ್ಲದ ವಸ್ತುವು ನೆನಪಿನಲ್ಲಿ ನಿಲ್ಲುವುದಿಲ್ಲ. ನೆನಪಿನಲ್ಲಿ ನಿಲ್ಲದ್ದು ರಸವಾಗುವುದಿಲ್ಲ. 'ಹಸುರು ಹೊನ್ನು' ಎಂಬ ಪುಸ್ತಕದಲ್ಲಿ ಬಿ. ಜಿ. ಎಲ್. ಸ್ವಾಮಿಯವರು ಗಿಡಮರಗಳಿಗೆ ಮಾಡಿದ ಉಪಕಾರವನ್ನು ಕಡಲೊಳಗಣ ಜೀವಿಗಳಿಗೆ ಮಾಡುವವರನ್ನು ಕನ್ನಡವು ಎದುರುನೋಡುತ್ತಿದೆ.

ಹೆಸರು ಬದುಕಿದ್ದರೆ ಎಷ್ಟು ಅರ್ಥವು ಅದರ ಹಿಂದೆ ಬರುತ್ತದೆಂಬುದಕ್ಕೆ ಹವಳ ಎಂಬ ಶಬ್ದವೇ ಸಾಕು. ಅದು ಸಂಸ್ಕೃತದ ಪ್ರವಾಲದ ತದ್ಭವ. ಪ್ರವಾಲವೆಂದರೆ ಹವಳವೂ ಹೌದು, ಎಳೆಯ ಚಿಗುರೂ ಹೌದು. ಹವಳವನ್ನು ಕವಿಗಳು ಬಳ್ಳಿಯೆಂದೇ ಬಗೆದರು. ಯುರೋಪಿನ ಪಂಡಿತರೂ ಹದಿನೆಂಟನೆಯ ಶತಮಾನದವರೆಗೆ ಹಾಗೆಯೇ ತಿಳಿದಿದ್ದರು. ಈಗ ಅದು ಅತಿ ಸಣ್ಣ ಪ್ರಾಣಿಗಳ ಸಮೂಹವೆಂದು ಸಿದ್ಧವಾಗಿದೆ. ಆದರೆ ದಿಬ್ಬವನ್ನು ಕಟ್ಟುವ ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯ ಕಣಗಳು ವಾಸಿಸಿ, ಬಿಸಿಲಿನಿಂದ ಆಹಾರವನ್ನು ಮಾಡಿ, ತಮ್ಮ ಆತಿಥೇಯನಿಗೆ ಉಣಿಸುತ್ತವೆ, ಬಣ್ಣವನ್ನೂ ಕೊಡುತ್ತವೆ. ಎಂದಮೇಲೆ ಕವಿಗಳು ಚಿಗುರು ಎಂದದ್ದು ಪೂರ್ತಿ ಸುಳ್ಳಾಗಲಿಲ್ಲ. ನೀರಿನ ಶಾಖವು ಮಿತಿಮೀರಿದರೆ ಈ ನೆಂಟಸ್ತಿಕೆ ಮುರಿಯುತ್ತದೆ. ಪಾಚಿಯು ಹೊರಬಿದ್ದು ಹವಳವು ಬಿಳುಪೇರುತ್ತದೆ. ಶಾಖವು ಇಳಿಯದಿದ್ದರೆ ಸಾಯುತ್ತದೆ. ಲೋಕದ ಕಡಲುಗಳಲ್ಲೆಲ್ಲ ಇಂತಹ ಬಿಳುಪು ನಾಲ್ಕನೆಯ ಬಾರಿ ಹಬ್ಬಿದೆಯೆಂದು ವಿಜ್ಞಾನಿಗಳು ೨೦೨೪ರ ಏಪ್ರಿಲಿನಲ್ಲಿ ಸಾರಿದರು.

ಆದ್ದರಿಂದ "ಅದು ಬೇರೆ ಲೋಕ" ಎಂಬ ಮಾತು ಕೇಳಲು ಇಂಪಾಗಿದ್ದರೂ ನಿಜವಲ್ಲ. ದಡದವರ ಹೊಗೆಯಿಂದ ಕಾದ ಗಾಳಿಯೇ ಆ ನೀರನ್ನೂ ಕಾಯಿಸುತ್ತಿದೆ. ಅದು ಇದೇ ಲೋಕದ ತಗ್ಗಿನ ಭಾಗ. ಮೇಲಿನವರು ಚೆಲ್ಲಿದ್ದು ಅಲ್ಲಿಗೆ ಹೋಗಿ ಸೇರುತ್ತದೆ. ಬೇರೆ ಲೋಕವೆಂದುಕೊಂಡವನಿಗೆ ಹೊಣೆಯಿಲ್ಲ. ಹವಳದ ಮೇಲೆ ಕಾಲೂರಿ ಚಿತ್ರ ತೆಗೆಸಿಕೊಂಡು ಬರಬಹುದು. ತನ್ನದೇ ಲೋಕವೆಂದು ತಿಳಿದವನು ಕಾಲನ್ನು ಎತ್ತಿಕೊಳ್ಳುತ್ತಾನೆ.

ಇದನ್ನು ತಿಳಿಯಲು ಶ್ರೀನಗರದವರು ದೂರ ಹೋಗಬೇಕಾಗಿಲ್ಲ. ಬಡಾವಣೆಯ ಮಗ್ಗುಲಲ್ಲಿ, ಗವಿಪುರದ ಕಡೆಗೆ, ಕೆಂಪಾಂಬುಧಿ ಕೆರೆಯಿದೆ. ಕೆರೆಗೆ ಅಂಬುಧಿಯೆಂದು ಹೆಸರಿಟ್ಟವರು ಕಡಲನ್ನು ಕಂಡಿದ್ದರೋ ಇಲ್ಲವೋ, ನೀರನ್ನು ಕಂಡರೆ ಅವರಿಗೆ ಇದ್ದ ಗೌರವವು ಆ ಹೆಸರಿನಲ್ಲಿ ಉಳಿದಿದೆ. ಈಗ ಆ ಅಂಬುಧಿಗೆ ಊರಿನ ಕೊಳಚೆಯು ಸೇರುತ್ತದೆಂಬ ದೂರು ಎಷ್ಟೋ ವರ್ಷಗಳದು. ಇನ್ನೊಂದು ಅಂಬುಧಿಯಾದ ಧರ್ಮಾಂಬುಧಿಯು ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವು ಎದ್ದಿತು. ಬತ್ತಿದ ಆ ಅಂಬುಧಿಯ ಮೇಲೆ ನಿಂತು, ತುಂಬಿದ ಅಂಬುಧಿಯನ್ನು ನೋಡಲು ಐನೂರು ಕಿಲೋಮೀಟರು ದೂರಕ್ಕೆ ತರುಣರು ಬಸ್ಸನ್ನು ಹತ್ತುತ್ತಾರೆ. ಅವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ, ಬತ್ತಿಸಿದವರು ಅವರಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ಇಷ್ಟರಿಂದ ಸಮಾಧಾನ ದೊರೆಯುತ್ತದೆ. ನೀರಿನೊಳಗಿನ ಮೌನವು ರಸದ್ದು. ಹಜಾರದಲ್ಲಿ ಕುಳಿತಾಗಿನ ಮೌನವು ಭಾಷೆಯ ಕೊರತೆಯದು. ಮೊದಲನೆಯದನ್ನು ಗೌರವಿಸಬೇಕು, ಎರಡನೆಯದನ್ನು ನೀಗಬೇಕು. ನೀಗುವ ಕೆಲಸದಲ್ಲಿ ಹಿರಿಯರಿಗೂ ಪಾಲುಂಟು. "ಎಷ್ಟು ಖರ್ಚಾಯಿತು?" ಎಂದು ಕೇಳುವುದರ ಬದಲು, ನೀರಿನಲ್ಲಿ ಕೆಂಪು ಯಾವಾಗ ಮಾಯವಾಯಿತು, ಮೊದಲು ಕೇಳಿಸಿದ ಸಪ್ಪಳ ಯಾವುದು, ಬಂಡೆಯ ಸಂದಿನಲ್ಲಿದ್ದ ಮೀನು ಏನು ಮಾಡುತ್ತಿದ್ದಿತು, ದೋಣಿಯವನು ಅದನ್ನು ಏನೆಂದು ಕರೆದನು ಎಂದು ಕೇಳಿದರೆ, ಮಗುವು ತಡೆತಡೆದಾದರೂ ಮಾತನಾಡತೊಡಗುತ್ತದೆ. ಕಡಲನ್ನು ಎಂದೂ ಕಾಣದ ಅಜ್ಜಿಯು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳುವಂತೆ ಆ ಮಾತು ಬೆಳೆದರೆ, ಕನ್ನಡದಲ್ಲಿ ಇನ್ನೂ ಬರೆಯಬೇಕಾಗಿರುವ ಆ ವರ್ಣನೆಗೆ ಅಲ್ಲಿ ನಾಂದಿಯಾದಂತೆ.